ಹೊಂಬಣ್ಣದ ಹಂಬಲ

ಬಿಸಿಲನ್ನು ಹಣ ತೆತ್ತು ಕೊಳ್ಳುವ ಜನವೂ ಈ ಲೋಕದಲ್ಲಿ ಉಂಟೆಂಬುದನ್ನು ಬಂಗಾರಪೇಟೆಯವರಿಗೆ ನಂಬಿಸುವುದು ಸುಲಭಸಾಧ್ಯವಲ್ಲ. ಶಿವರಾತ್ರಿಯಂದು ಚಳಿ ಶಿವಶಿವಾ ಎಂದು ಹೊರಟುಹೋದ ಮೇಲೆ, ರೈಲ್ವೆ ನಿಲ್ದಾಣದ ಮೇಲುಸೇತುವೆಯಿಂದ ಹಿಡಿದು ಪಾನಿಪುರಿಯ ಅಂಗಡಿಗಳವರೆಗೆ, ಜಾತಿ ಮತ ಅಂತಸ್ತುಗಳನ್ನೆಣಿಸದೆ, ಬೇಕೆಂದವನ ನೆತ್ತಿಯ ಮೇಲೂ ಬೇಡವೆಂದವನ ನೆತ್ತಿಯ ಮೇಲೂ ಸಮಭಾವದಿಂದ ಸುರಿಯುವ ಈ ಪದಾರ್ಥವನ್ನು ಅರಸಿಕೊಂಡು ಪಾಶ್ಚಾತ್ಯರು ಸಮುದ್ರತೀರಗಳಿಗೆ ಯಾತ್ರೆ ಹೋಗುತ್ತಾರೆಂದೂ, ಬಿಸಿಲು ದೊರೆಯದ ಋತುವಿನಲ್ಲಿ ವಿದ್ಯುದ್ದೀಪಗಳ ಪೆಟ್ಟಿಗೆಯೊಳಗೆ ಮಲಗಿ ನಿಮಿಷದ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಮೈಯನ್ನು ಕಂದಿಸಿಕೊಳ್ಳುತ್ತಾರೆಂದೂ ಹೇಳಿದರೆ, ಕೇಳಿದವರು ಒಮ್ಮೆ ನನ್ನ ಮುಖವನ್ನು, ಒಮ್ಮೆ ನನ್ನ ತಲೆಯ ಮೇಲಿನ ಸೂರ್ಯನನ್ನು ನೋಡಿ, ಕಾರ್ಯಕಾರಣ ಸಂಬಂಧವನ್ನು ತಾವೇ ಊಹಿಸಿಕೊಂಡು ಸುಮ್ಮನಾಗುತ್ತಾರೆ.

ಆದಕಾರಣ, ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಅಣ್ಣನ ಮಗ ತನ್ನ ಆಂಗ್ಲ ಪತ್ನಿಯೊಡನೆ ಒಂದು ಏಪ್ರಿಲಿನಲ್ಲಿ ಊರಿಗೆ ಬಂದು, ಆ ಸಾಧ್ವಿ ಬಂದ ಮರುದಿನವೇ ಕೈಕಾಲುಗಳಿಗೆ ಯಾವುದೋ ತೈಲವನ್ನು ಲೇಪಿಸಿಕೊಂಡು, ಹನ್ನೊಂದು ಗಂಟೆಯ ಹೊತ್ತಿಗೆ ತಾರಸಿಯ ಮೇಲೆ ಚಾಪೆ ಹಾಸಿ ಮಲಗಿದಾಗ, ಅದೇ ತಾರಸಿಯ ಮತ್ತೊಂದು ಮೂಲೆಯಲ್ಲಿ ಅರಳುಸಂಡಿಗೆಯನ್ನು ಕಾಯುತ್ತಿದ್ದ ನಮ್ಮ ಅತ್ತಿಗೆಯವರು, ಸೊಸೆಗೆ ತಲೆಸುತ್ತು ಬಂದು ಬಿದ್ದಿದ್ದಾಳೆಂದೇ ಭ್ರಮಿಸಿ, ಒಂದು ಕೈಯಲ್ಲಿ ತಂಬಿಗೆ ನೀರು, ಇನ್ನೊಂದರಲ್ಲಿ ಒಡೆದ ಈರುಳ್ಳಿ ಹಿಡಿದು ಧಾವಿಸಿದ್ದು ಆಶ್ಚರ್ಯವಲ್ಲ. ತಲೆಸುತ್ತಲ್ಲ, ಮೈಬಣ್ಣ ಕಂದಲೆಂದು ತಾನಾಗಿಯೇ ಮಲಗಿದ್ದಾಳೆ ಎಂದು ಮಗ ವಿವರಿಸಿದ ಮೇಲೆ ಅವರಿಗೆ ಭಯ ಹೋಯಿತು, ವಿಸ್ಮಯ ಹೋಗಲಿಲ್ಲ.

“ಏಳಮ್ಮಾ ತಾಯಿ, ಸಂಡಿಗೆ ಜತೆಗೆ ನೀನೂ ಒಣಗಿಹೋಗ್ತೀಯಾ! ಆಮೇಲೆ ನಿಮ್ಮಮ್ಮನಿಗೆ ನಾನೇನು ಉತ್ತರ ಕೊಡಲಿ?” ಎಂದು ಕನ್ನಡದಲ್ಲಿಯೇ ಬೇಡಿಕೊಂಡರು. ಸೊಸೆ ಕಣ್ಣು ತೆರೆದು ನಕ್ಕು, ಮಗ್ಗುಲು ಬದಲಾಯಿಸಿದಳು. ಕಾಗೆ ಓಡಿಸುವುದಕ್ಕೆಂದು ಇಟ್ಟುಕೊಂಡಿದ್ದ ಕಪ್ಪು ಕೊಡೆಯನ್ನು ಅತ್ತಿಗೆ ಬಿಡಿಸಿ ಆಕೆಯ ಮುಖದ ಮೇಲೆ ಹಿಡಿದರು. ಸೊಸೆ ಕೊಡೆಯಿಂದಾಚೆಗೆ ಸರಿದಳು. ಕೊಡೆ ಅವಳನ್ನು ಹಿಂಬಾಲಿಸಿತು. ಈ ಮೌನ ಸಂಗ್ರಾಮ ಸಂಡಿಗೆ ಒಂದು ಮಗ್ಗುಲು ಒಣಗುವವರೆಗೂ ನಡೆಯಿತು.

ಇತ್ತ, ಆ ತಾರಸಿಯ ನೇರ ಕೆಳಗಿನ ಕೋಣೆಯಲ್ಲಿ, ಕಿಟಕಿಗೆ ದಪ್ಪನೆಯ ಪರದೆ ಎಳೆದುಕೊಂಡು, ನನ್ನ ತಂಗಿಯ ಮಗಳು ಮುಖಕ್ಕೆ ಕಡಲೆಹಿಟ್ಟು ಮೊಸರು ಕಸ್ತೂರಿ ಅರಿಶಿನಗಳ ಲೇಪನವನ್ನು ಬಳಿದುಕೊಂಡು, ನಕ್ಕರೆ ಬಿರುಕು ಬಿಡುತ್ತದೆಂಬ ಭೀತಿಯಿಂದ ಗಂಭೀರಮುದ್ರೆಯಲ್ಲಿ ಕುಳಿತಿದ್ದಳು. ದಿನವೂ ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಈ ಹುಡುಗಿಗೆ ಶ್ರಾವಣದಲ್ಲಿ ಮದುವೆ ನಿಶ್ಚಯವಾಗಿತ್ತು, “ಟ್ಯಾನ್ ಆಗಿಬಿಟ್ಟಿದೀನಿ ಮಾಮ, ಫೋಟೋದಲ್ಲಿ ಹೇಗೆ ಕಾಣ್ತೀನೋ!” ಎಂಬುದು ಅವಳ ನಿತ್ಯಪಾರಾಯಣವಾಗಿತ್ತು. ಒಬ್ಬಳು ಬಿಳುಪನ್ನು ಕಳೆದುಕೊಳ್ಳಲು, ಇನ್ನೊಬ್ಬಳು ಅದನ್ನೇ ಗಳಿಸಿಕೊಳ್ಳಲು, ಅರ್ಧ ಅಡಿ ಕಾಂಕ್ರೀಟಿನ ಮೇಲೊಬ್ಬಳು ಕೆಳಗೊಬ್ಬಳು ಏಕಕಾಲದಲ್ಲಿ ತಪಸ್ಸಿಗೆ ಕುಳಿತದ್ದನ್ನು ಕಂಡು, ವಿಧಾತನು ವಿನಿಮಯಕ್ಕೊಂದು ಕಚೇರಿಯನ್ನೇಕೆ ತೆರೆಯಲಿಲ್ಲವೆಂದು ನನಗೆ ಅನ್ನಿಸಿತು.

ಈ ವಿಷಯದಲ್ಲಿ ನಾನು ತಟಸ್ಥನೆಂದು ಹೇಳಿಕೊಳ್ಳಬಲ್ಲೆ. ನನ್ನದು ಎಣ್ಣೆಗಪ್ಪು, ಬಿಸಿಲು ನನಗೆ ಹೊಸದಾಗಿ ಮಾಡಬಹುದಾದ ಅಪಕಾರವೇನೂ ಉಳಿದಿಲ್ಲ. ನನಗೆ ಹೆಣ್ಣು ಕೊಡುವ ಸಂದರ್ಭದಲ್ಲಿ “ಹುಡುಗನ ಬಣ್ಣ ಸ್ವಲ್ಪ ಕಡಿಮೆ” ಎಂದು ಪೀಠಿಕೆ ಹಾಕಿದ ಹಿರಿಯರೇ “ಆದರೆ ಸರ್ಕಾರಿ ನೌಕರಿ” ಎಂದು ಮುಂದುವರಿಸಿದೊಡನೆ ಸಭೆಯ ದೃಷ್ಟಿಯಲ್ಲಿ ನಾನು ಎಣ್ಣೆಗೆಂಪಿನವರೆಗೂ ಏರಿದೆನೆಂದು ಕೇಳಿದ್ದೇನೆ. ಪಿಂಚಣಿಗೆ ಇರುವ ಈ ಕಾಂತಿವರ್ಧಕ ಶಕ್ತಿ ಯಾವ ಲೇಪನಕ್ಕೂ ಇಲ್ಲ. ಶ್ಯಾಮಲಾಂಗನಾದ ರಾಮನನ್ನೂ ನೀಲಮೇಘಶ್ಯಾಮನಾದ ಕೃಷ್ಣನನ್ನೂ ಕಪ್ಪುಬಣ್ಣದಿಂದಲೇ ಕೃಷ್ಣೆಯೆನಿಸಿಕೊಂಡ ದ್ರೌಪದಿಯನ್ನೂ ಪೂಜಾಗೃಹದಲ್ಲಿಯೂ ಪುರಾಣದಲ್ಲಿಯೂ ಒಪ್ಪಿಕೊಂಡು, ವಧೂವರಾನ್ವೇಷಣೆಗೆ ಬಂದಾಗ ಮಾತ್ರ ಬಿಳುಪನ್ನೇ ಕೇಳುವ ನಮ್ಮ ಸಮಾಜದ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಆದರೆ ಬಿಳಿಯರಿಗೂ ಬಿಸಿಲಿನ ಈ ವ್ಯಾಮೋಹ ಹುಟ್ಟಿನಿಂದ ಬಂದದ್ದಲ್ಲ. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗನ ನಾಮಧೇಯದಿಂದ ನಮ್ಮ ಊರು ಬೌರಿಂಗಪೇಟೆಯೆನಿಸಿಕೊಂಡಿದ್ದ ಕಾಲದಲ್ಲಿ, 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಮೇಲೆ, ಕಾರ್ನ್‌ವಾಲಿನಿಂದಲೂ ಇತರೆಡೆಗಳಿಂದಲೂ ಬಂದ ದೊರೆಗಳು ಊರಿಗಾಂ, ಚಾಂಪಿಯನ್ ರೀಫ್‌ಗಳಲ್ಲಿ ಬಂಗಲೆ ಕಟ್ಟಿ, ಕ್ಲಬ್ಬು ಕಟ್ಟಿ, ಗಾಲ್ಫಿನ ಮೈದಾನ ಮಾಡಿ, ಅದನ್ನೊಂದು ಪುಟ್ಟ ಇಂಗ್ಲೆಂಡೆಂದು ಕರೆದುಕೊಂಡರಷ್ಟೆ. ಆ ಇಂಗ್ಲೆಂಡಿನಲ್ಲಿ ಅವರಿಗೆ ಒಗ್ಗದೆ ಉಳಿದ ಏಕೈಕ ಪ್ರಜೆ ಸೂರ್ಯ. ಬೆಂಡಿನ ಟೋಪಿಯಿಲ್ಲದೆ ಹೊರಬಿದ್ದರೆ ಮೆದುಳು ಬೇಯುತ್ತದೆಂದು ಅಂದಿನ ಬಿಳಿಯರು ದೃಢವಾಗಿ ನಂಬಿದ್ದರು; ಬೆನ್ನುಹುರಿಗೆ ರವಿಕಿರಣ ತಾಗದಿರಲೆಂದು ಅಂಗಿಗೆ ಹತ್ತಿಯ ಮೆತ್ತೆ ಹೊಲಿಸಿಕೊಳ್ಳುವವರೂ ಇದ್ದರು. ಚಾರ್ಲ್ಸ್ ವುಡ್ರಫ್ ಎಂಬ ಅಮೆರಿಕದ ಸೇನಾವೈದ್ಯನಂತೂ ಉಷ್ಣದೇಶದ ಬೆಳಕು ಬಿಳಿಯರನ್ನು ಹೇಗೆ ಕೆಡಿಸುತ್ತದೆಂಬುದರ ಮೇಲೆ 1905ರಲ್ಲಿ ಒಂದು ಗ್ರಂಥವನ್ನೇ ಬರೆದ.

ಅದೇ ಸಮಯದಲ್ಲಿ ಯೂರೋಪಿನಲ್ಲಿ ಗಾಳಿ ತಿರುಗುತ್ತಿತ್ತು. ಬೆಳಕಿನಿಂದ ಚರ್ಮದ ಕ್ಷಯವನ್ನು ಗುಣಪಡಿಸಿದ ನೀಲ್ಸ್ ಫಿನ್ಸೆನ್ನನಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ರೋಲಿಯೆ ಎಂಬ ವೈದ್ಯ ಕ್ಷಯರೋಗಿಗಳನ್ನು ಬಿಸಿಲಿನಲ್ಲಿ ಮಲಗಿಸಿದ. 1923ರಲ್ಲಿ ಪ್ಯಾರಿಸಿನ ವಸ್ತ್ರವಿನ್ಯಾಸಗಾರ್ತಿ ಕೊಕೊ ಶನೆಲ್ ಸಮುದ್ರವಿಹಾರದಿಂದ ಮೈ ಕಂದಿಸಿಕೊಂಡು ಬಂದದ್ದೇ ಕಂದುಬಣ್ಣ ಫ್ಯಾಷನ್ನಾಯಿತೆಂದು ಹೇಳುವುದುಂಟು. ನನಗೆ ತೋರುವ ಕಾರಣ ಇನ್ನೂ ಸರಳವಾದುದು. ಬಡವನು ಹೊಲದಲ್ಲಿ ದುಡಿಯುವವರೆಗೆ ಕಂದುಬಣ್ಣ ದಾರಿದ್ರ್ಯದ ಗುರುತಾಗಿತ್ತು; ಅವನು ಕಾರ್ಖಾನೆಯೊಳಗೆ ಸೇರಿ ಬಿಳಚಿಕೊಂಡ ಮೇಲೆ, ಬಿಸಿಲಿನಲ್ಲಿ ಬಿದ್ದುಕೊಳ್ಳುವಷ್ಟು ವಿರಾಮವುಳ್ಳವನೇ ಶ್ರೀಮಂತನೆಂದಾಯಿತು. ನಮ್ಮಲ್ಲಿ ಬಡವನಿನ್ನೂ ಬಿಸಿಲಿನಲ್ಲೇ ಇರುವುದರಿಂದ ನಾವು ನೆರಳಿನ ಬಣ್ಣವನ್ನು ಬಯಸುತ್ತೇವೆ. ಅಂತೂ, ತಂಪುದೇಶದಲ್ಲಿ ಉಳಿದ ದಾಯಾದಿಗಳು ಕಡಲತೀರದಲ್ಲಿ ಬರಿಮೈಯಲ್ಲಿ ಹೊರಳಾಡುತ್ತಿದ್ದ ಆ ವರ್ಷಗಳಲ್ಲಿಯೇ ಕೋಲಾರದ ದೊರೆ ಬೆಂಡಿನ ಟೋಪಿಯ ಕೆಳಗೆ ಬೆವರುತ್ತ ಗಾಲ್ಫ್ ಚೆಂಡನ್ನು ಅರಸುತ್ತಿದ್ದ.

ದೊರೆಗಳ ಮಾತು ಹಾಗಿರಲಿ. ಸೂರ್ಯನಿಂದ ಸಂಪೂರ್ಣ ರಕ್ಷಣೆಯನ್ನು ಪಡೆದಿದ್ದವರು ಆ ಸೀಮೆಯಲ್ಲಿ ಬೇರೆಯೇ ಇದ್ದರು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕು ಇಳಿದಿತ್ತು. ತಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸನ್ನು ಮೀರಿತ್ತು. ಸೂರ್ಯನಿಗೆ ಪ್ರವೇಶವಿಲ್ಲದ ಆ ಪಾತಾಳದ ಚಾಕರಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತಾಗಿ ತಂತಿಯ ಮೇಲೆ ಬಂದವಳು ಕಾವೇರಿ. ಜಾಹೀರಾತುಗಳಲ್ಲಿ ವಾಗ್ದಾನ ಮಾಡುವ ನೆರಳು, ಶುದ್ಧರೂಪದಲ್ಲಿ, ಸಂಬಳಸಮೇತವಾಗಿ, ತಮಿಳುಸೀಮೆಯಿಂದ ಬಂದ ಸಾವಿರಾರು ಕೂಲಿಗಾರರಿಗೆ ದೊರೆತದ್ದು ಅಲ್ಲಿ. ಮಾರಿಕುಪ್ಪಂ ರೈಲಿನಲ್ಲಿ ನನಗೆ ಪರಿಚಿತರಾದ ನಿವೃತ್ತ ಗಣಿಗಾರರೊಬ್ಬರು, ನನ್ನ ಸೋದರ ಸೊಸೆಯ ಲೇಪನವ್ರತವನ್ನು ಕೇಳಿ, ಮೊದಲು ಮನಸಾರೆ ಕೆಮ್ಮಿ, ಅನಂತರ ಹೇಳಿದರು:

“ಸಾರ್, ಮೈನ್ಸ್‌ನಲ್ಲಿ ನಾವು ಅರ್ಧ ಆಯಸ್ಸು ನೆರಳಲ್ಲೇ ಇದ್ವಿ. ಬೆಳಿಗ್ಗೆ ಕೇಜ್ ಹತ್ತಿದ್ರೆ ಸೂರ್ಯನ ಮುಖ ನೋಡೋದು ಶಿಫ್ಟ್ ಮುಗಿದ ಮೇಲೇನೇ. ಒಬ್ಬನಾದ್ರೂ ಬೆಳ್ಳಗಾಗಿದ್ದು ನೋಡಿದೀರಾ?”

ನೋಡಿರಲಿಲ್ಲ. ನೋಡಿದ್ದು ಕೆಮ್ಮನ್ನು. ಬೆಣಚುಕಲ್ಲಿನ ಸೂಕ್ಷ್ಮವಾದ ಧೂಳು ಶ್ವಾಸಕೋಶದಲ್ಲಿ ಗಟ್ಟಿಕಟ್ಟಿ ಬರುವ ಸಿಲಿಕೋಸಿಸ್ ಆ ನೆರಳಿಗೆ ತೆತ್ತ ಬಾಡಿಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಕೆಮ್ಮು ಮುಚ್ಚಲಿಲ್ಲ. 2018ರಲ್ಲಿ ಕೋಲಾರದ ಆ ಚಿನ್ನದ ಗಣಿಯ ಹೆಸರನ್ನಿಟ್ಟುಕೊಂಡು ಬಂದ ಚಲನಚಿತ್ರದಲ್ಲಿ ನಟರೆಲ್ಲರ ಮುಖಕ್ಕೂ ಧಾರಾಳವಾಗಿ ಮಸಿ ಬಳಿದದ್ದನ್ನು ಕಂಡಾಗ, ಕಪ್ಪಾಗುವುದಕ್ಕೂ ಹಣ ಕೊಡುವ ಉದ್ಯಮವೊಂದು ನಮ್ಮಲ್ಲಿದೆಯಲ್ಲಾ ಎಂದು ಸಮಾಧಾನವಾಯಿತು.

ಅದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಒಂದು ಬಗೆಯ ನೆರಳನ್ನೇ ಅರಸಿ ಇಳಿದಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಅವರಿಗೆ ಬೇಕಾಗಿದ್ದುದು ವಿಶ್ವಕಿರಣಗಳಿಂದ ಮರೆ. ಆ ಮರೆಯಲ್ಲಿ, 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವು ಅವರಿಗೆ ಸಿಕ್ಕಿತು. ಅದು ಲೋಕಪ್ರಸಿದ್ಧವಾದ ಪ್ರಯೋಗ. ಸೂರ್ಯನಿಂದಲೇ ಹೊರಡುವ ನ್ಯೂಟ್ರಿನೊಗಳಾದರೋ ನಮ್ಮ ಚರ್ಮದ ಒಂದೊಂದು ಚದರ ಸೆಂಟಿಮೀಟರನ್ನೂ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮಿಕ್ಕ ಸಂಖ್ಯೆಯಲ್ಲಿ, ಹಗಲಿರುಳೆನ್ನದೆ ತೂರಿಹೋಗುತ್ತಿರುತ್ತವೆಯಂತೆ. ಇದನ್ನು ಕೇಳಿದ ತಂಗಿಯ ಮಗಳು “ಅದಕ್ಕೂ ಟ್ಯಾನ್ ಆಗತ್ತಾ ಮಾಮ?” ಎಂದು ಗಾಬರಿಯಿಂದ ವಿಚಾರಿಸಿದಳು. ಆಗುವುದಿಲ್ಲವೆಂದು ಭರವಸೆ ಕೊಟ್ಟೆ. ಕೊಡದಿದ್ದರೆ ಅದಕ್ಕೂ ಒಂದು ಡಬ್ಬಿ ಮನೆಗೆ ಬರುತ್ತಿತ್ತು.

ಡಬ್ಬಿಗಳ ಇತಿಹಾಸವೂ ನಮ್ಮಲ್ಲಿ ದೀರ್ಘವಾದುದೇ. 1919ರಲ್ಲಿ ಮುಂಬಯಿಯಿಂದ ಹೊರಟ ಅಫ್ಘಾನ್ ಸ್ನೋ ನಮ್ಮ ಅಜ್ಜಿಯರ ಕನ್ನಡಿಗಳ ಮುಂದೆ ವಿರಾಜಿಸಿತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ, ನಾಲ್ವತ್ತೈದು ವರ್ಷ ದೇಶದ ಕೆನ್ನೆಗಳ ಮೇಲೆ ರಾಜ್ಯವಾಳಿ, 2020ರಲ್ಲಿ ‘ಫೇರ್’ ಎಂಬುದನ್ನು ಕಳಚಿಟ್ಟು ‘ಗ್ಲೋ’ ಎಂದು ನಾಮಕರಣ ಮಾಡಿಕೊಂಡಿತು. ಇವೆಲ್ಲ ಹೆಸರು ವಿಳಾಸ ಉಳ್ಳ ಡಬ್ಬಿಗಳು. ಕಡಲೆಹಿಟ್ಟಿನ ಮೇಲೆ ಶ್ರದ್ಧೆ ಕಡಿಮೆಯಾದ ನಮ್ಮ ಹುಡುಗಿ ಒಂದು ಸಂಜೆ ಕೈಚೀಲದಿಂದ ಹೊರತೆಗೆದದ್ದು ಅಂಥದಲ್ಲ: ಗೋಲಿಗಿಂತ ತುಸು ದೊಡ್ಡದಾದ ಹಳದಿ ಮುಚ್ಚಳದ ಕುಪ್ಪಿ, ಮಾಡಿದವನ ಹೆಸರಿಲ್ಲ, ಊರಿಲ್ಲ, ಒಳಗೇನಿದೆಯೆಂಬ ಪಟ್ಟಿಯಿಲ್ಲ, ಮುಚ್ಚಳದ ಮೇಲೆ ಹಂಸದ ಕತ್ತಿನ ಸುಂದರಿಯೊಬ್ಬಳ ಚಿತ್ರ ಮಾತ್ರ ಉಂಟು. ಹಚ್ಚಿದ ವಾರದೊಳಗೆ ಮುಖ ನಿಜವಾಗಿಯೂ ತಿಳಿಯಾಯಿತು. ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು; ನನಗೆ ಮಾತ್ರ ಅಷ್ಟು ಬೇಗ ಫಲಿಸಿದ ತಪಸ್ಸಿನಲ್ಲಿ ನಂಬಿಕೆಯುಂಟಾಗಲಿಲ್ಲ.

ಅವಳನ್ನು ಒಪ್ಪಿಸಿ ಪರಿಚಯದ ಚರ್ಮವೈದ್ಯರಲ್ಲಿಗೆ ಕರೆದೊಯ್ದಾಗ, ಅದಾಗಲೇ ಕೆನ್ನೆ ಬಿಸಿಲಿಗೆ ಉರಿಯತೊಡಗಿತ್ತು. ಅವರು ಕುಪ್ಪಿಯನ್ನು ಮೂಸಿ ಬದಿಗಿಟ್ಟು, ಇಂಥವುಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡರಲ್ಲಿ ಒಂದು ಎಂದರು. ಮೊದಲನೆಯದು ಸ್ಟೀರಾಯ್ಡ್: ಮೊದಲು ಕಾಂತಿ, ಅನಂತರ ಚರ್ಮ ತೆಳುವಾಗಿ ಕೆಂಪು ನರಗಳು, ಮೊಡವೆ, ಬಿಟ್ಟರೆ ಉರಿ. ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಎರಡನೆಯದು ಪಾದರಸ.

ಪಾದರಸವೆಂದೊಡನೆ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಕೋಲಾರದಲ್ಲಿ ಅದಿರನ್ನು ಒನಕೆಯಂತ್ರದಿಂದ ಕುಟ್ಟಿ, ನೀರಿನಲ್ಲಿ ಕದಡಿ, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಆ ಮುದ್ದೆಯನ್ನು ಕಾಸಿದರೆ ಪಾದರಸ ಆವಿಯಾಗಿ ಹೊಂಬಣ್ಣ ಉಳಿಯುತ್ತಿತ್ತು. ಕಲ್ಲಿನಿಂದ ಬಂಗಾರ ತೆಗೆಯಲು ಬಳಸಿದ ಆ ವಿಷವನ್ನೇ ಬಂಗಾರದಂಥ ಕೆನ್ನೆಯ ಆಸೆಗೆ ಹುಡುಗಿಯರು ಬೆರಳತುದಿಯಲ್ಲಿ ಸವರಿಕೊಳ್ಳುತ್ತಿದ್ದಾರೆ. ಕಲ್ಲಿಗೆ ಮೂತ್ರಪಿಂಡವಿಲ್ಲ; ಹುಡುಗಿಗೆ ಉಂಟು. ಪಾದರಸ ಬಣ್ಣ ಕೊಡುವ ಜೀವಕೋಶದ ಕೆಲಸವನ್ನು ತಡೆದು, ಚರ್ಮದ ಮೂಲಕ ಒಳಗಿಳಿದು, ಮೂತ್ರಪಿಂಡದ ಸೋಸುಜಾಲವನ್ನು ಹಾಳುಮಾಡುತ್ತದೆ. ಮೂತ್ರದಲ್ಲಿ ಪ್ರೋಟೀನು ಸೋರಿ ಕಾಲು ಮುಖ ಊದಿಕೊಳ್ಳುತ್ತವೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆ ಕ್ರೀಮು ಹಚ್ಚಿ ರೋಗಿಗಳಾದವರನ್ನು ವೈದ್ಯರು 2023ರಲ್ಲಿ ಗುರುತಿಸಿದರು.

ಹಾಗಾದರೆ ತಾರಸಿಯ ಮೇಲೆ ಮಲಗುವುದೇ ಲೇಸೇ ಎಂದು ನಾನು ಕೇಳಿದೆ. ಅದೂ ಅಲ್ಲವಂತೆ. ಮೈ ಕಂದುವುದೆಂದರೆ ಅತಿನೇರಳೆ ಕಿರಣದಿಂದ ಪೆಟ್ಟು ತಿಂದ ಚರ್ಮ ಮತ್ತೊಂದು ಪೆಟ್ಟನ್ನು ತಡೆಯಲು ಮೆಲನಿನ್ನಿನ ಕೊಡೆ ಬಿಡಿಸಿಕೊಳ್ಳುವುದು. ಕೊಡೆ ಬಿಡಿಸುವ ವೇಳೆಗೆ ಜೀವಕೋಶದ ಒಳಗಿನ ವಂಶಸೂತ್ರಕ್ಕೆ ಹಾನಿ ಆಗಿಯೇ ಇರುತ್ತದೆ. ಪಾಶ್ಚಾತ್ಯರ ಆ ವಿದ್ಯುದ್ದೀಪದ ಬಾಡಿಗೆ ಪೆಟ್ಟಿಗೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ, ತಂಬಾಕು ಇರುವ ಪಂಕ್ತಿಯಲ್ಲಿಯೇ ಕೂರಿಸಿತು. ನಮ್ಮಂಥ ಕಪ್ಪು ಮೈಯವರಿಗೆ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹು ವಿರಳ. ನಮ್ಮ ತೊಂದರೆ ಬೇರೆ: ಇಷ್ಟು ಬಿಸಿಲಿದ್ದೂ ಡಿ ಜೀವಸತ್ವದ ಕೊರತೆ. ಕಾರಿನ ಗಾಜು ಏರಿಸಿಕೊಂಡು ಕುಳಿತವನಿಗೆ, ಮೈ ಕಂದಿಸುವ ಕಿರಣ ಗಾಜು ದಾಟಿ ಬರುತ್ತದೆ, ಜೀವಸತ್ವ ಕೊಡುವ ಕಿರಣ ಹೊರಗೇ ಉಳಿಯುತ್ತದೆ. ಹೀಗೆ ಬಣ್ಣವೂ ಹೋಗಿ ಎಲುಬೂ ಸವೆಯುವ ಯೋಗ ಅವನದು. ಆರೋಗ್ಯವನ್ನು ಭಾಸ್ಕರನಲ್ಲಿ ಬೇಡಬೇಕೆಂದ ಹಿರಿಯರು ಗಾಜಿನ ಮೂಲಕ ಬೇಡಿರೆಂದು ಹೇಳಿರಲಿಲ್ಲ.

ಆಂಗ್ಲ ಸೊಸೆ ಮೂರನೆಯ ದಿನಕ್ಕೆ ದಾಸವಾಳದ ಕೆಂಪಿಗೆ ತಿರುಗಿ, ಭುಜದ ಸಿಪ್ಪೆ ಸುಲಿದು, ಅತ್ತಿಗೆಯವರಿಂದ ಲೋಳೆಸರದ ಉಪಚಾರ ಮಾಡಿಸಿಕೊಂಡಳು; ಮುಂದಿನ ದಿನಗಳಲ್ಲಿ ಕೊಡೆ ತಾನಾಗಿಯೇ ಅವಳ ಕೈಗೆ ಬಂದಿತು. ತಂಗಿಯ ಮಗಳ ಮುಖ ಮೊದಲಿನ ಗೋಧಿಬಣ್ಣಕ್ಕೆ ಮರಳಲು ಆಷಾಢ ಮುಗಿಯಬೇಕಾಯಿತು. ಮದುವೆಯ ಚಿತ್ರಗಳಲ್ಲಿ ಛಾಯಾಗ್ರಾಹಕನು ಕಂಪ್ಯೂಟರಿನಲ್ಲಿ ಎಲ್ಲರನ್ನೂ, ನನ್ನನ್ನೂ ಬಿಡದೆ, ಹಾಲಿನಲ್ಲಿ ಅದ್ದಿ ತೆಗೆದಿದ್ದಾನೆ. ಅದಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳಲಿಲ್ಲ, ಮೂತ್ರಪಿಂಡಕ್ಕೆ ಅಪಾಯವೂ ಇಲ್ಲ.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆ ಉಂಟು. ಮನೆಯ ಕನ್ನಡಿಯ ಮುಂದಿರುವ ಡಬ್ಬಿಯನ್ನು ಇಂದೇ ತಿರುಗಿಸಿ ನೋಡಿ. ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೋಮೆಲ್ ಎಂಬ ಪದಗಳು ಕಂಡರೆ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ಏನೂ ಬರೆದಿರದಿದ್ದರೆ ಇನ್ನೂ ಬೇಗ ನಿಲ್ಲಿಸಿ, ಆ ಡಬ್ಬಿಯನ್ನು ಜತೆಗೇ ಹಿಡಿದುಕೊಂಡು ವೈದ್ಯರನ್ನು ಕಾಣಿ.