ನಗರಾಭಿಮುಖ ಕುಟುಂಬನೌಕೆಯ ಲಂಗರಾತ್ಮಕ ನೆಲೆಗಳು: ಒಂದು ಅಧ್ಯಯನ

1. ವ್ಯಾಖ್ಯೆ ಮತ್ತು ವ್ಯಾಪ್ತಿ

ಗಂಡ, ಹೆಂಡತಿ, ಮಕ್ಕಳು ಹಾಯಿದೋಣಿಯೊಂದರಲ್ಲಿ ಕರಾವಳಿಗುಂಟ ಸಾಗಿ, ಪಟ್ಟಣವೊಂದು ಕಣ್ಣಿಗೆ ಬಿದ್ದಲ್ಲಿ ಲಂಗರು ಬಿಟ್ಟು ನಿಲ್ಲುವುದಕ್ಕೆ ವಿದ್ವತ್ ವಲಯದಲ್ಲಿ ‘ನಗರಾಭಿಮುಖ ಕೌಟುಂಬಿಕ ಲಂಗರೀಕರಣ’ ಎಂದು ಹೆಸರು. ಸ್ಥಾವರ-ಜಂಗಮಗಳ ದ್ವಂದ್ವಾತ್ಮಕ ಅನುಸಂಧಾನದ ನೆಲೆಯಲ್ಲಿ, ಜಲ-ನೆಲ ಸಂಕಥನಗಳ ಮುಖಾಮುಖಿಯ ಪರಿಪ್ರೇಕ್ಷ್ಯದಲ್ಲಿ, ಕೌಟುಂಬಿಕ ಅಸ್ಮಿತೆಯ ತೇಲುವ ಆಯಾಮವಾಗಿ ಇದನ್ನು ಗ್ರಹಿಸುವ ತುರ್ತಿದೆ ಎಂಬಲ್ಲಿ ವಿದ್ವಾಂಸರೆಲ್ಲರೂ ಒಮ್ಮತದಿಂದಿದ್ದಾರೆ. ಹಾಗೆಂದರೆ ಏನು ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ.

ಅಧ್ಯಯನದ ಕ್ಷೇತ್ರ ಮುಂಬಯಿ ಬಂದರಿನಲ್ಲಿ ಗೇಟ್‌ವೇ ಆಫ್ ಇಂಡಿಯಾದ ಎದುರಿನ ನೀರು. ವಸ್ತುನಿಷ್ಠತೆಗೆ ಧಕ್ಕೆ ಬರುತ್ತದೆಂಬ ಕಾರಣಕ್ಕೆ, ದೋಣಿ ನಡೆಸಲು ಬಲ್ಲವರ ಅಭಿಪ್ರಾಯಗಳನ್ನು ಇಂಥ ಅಧ್ಯಯನಗಳಲ್ಲಿ ಕೈಬಿಡುವುದು ರೂಢಿ.

2. ಪೂರ್ವಸೂರಿಗಳು

ಈ ಕ್ಷೇತ್ರದ ಆದ್ಯ ನಿದರ್ಶನವೆಂದು ಅಮೆರಿಕದ ಹಡಗು ಕಪ್ತಾನ ಜೋಶುವಾ ಸ್ಲೋಕಮ್‌ನ ಕುಟುಂಬವನ್ನು ಎತ್ತಿಕೊಳ್ಳಬಹುದು. ಬ್ರೆಜಿಲ್ ಕರಾವಳಿಯಲ್ಲಿ ಹಡಗು ಒಡೆದು ಆತ ಹೆಂಡತಿ ಹೆಟ್ಟಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ದಡದಲ್ಲಿ ಉಳಿದ. ಅಲ್ಲೇ ಸುಮಾರು 35 ಅಡಿಯ ದೋಣಿ ಕಟ್ಟಿದ. ಅದು ನೀರಿಗಿಳಿದ 1888ರ ಮೇ 13ರಂದೇ ಬ್ರೆಜಿಲ್‌ನಲ್ಲಿ ಗುಲಾಮರ ಬಿಡುಗಡೆಯಾದ್ದರಿಂದ ಅದಕ್ಕೆ ‘ಲಿಬರ್ದಾಜಿ’, ಅಂದರೆ ಸ್ವಾತಂತ್ರ್ಯ, ಎಂದು ಹೆಸರಿಟ್ಟ. ವರ್ಷಾಂತ್ಯಕ್ಕೆ ಕುಟುಂಬ ವಾಷಿಂಗ್ಟನ್ ನಗರ ತಲುಪಿತು.

ಇದನ್ನು ‘ವಸಾಹತೋತ್ತರ ನೌಕಾಸ್ಮಿತೆಯ ವಿಮೋಚನಾತ್ಮಕ ಪಲ್ಲಟ’ ಎಂದು ವಿವರಿಸಲು ಯಾವ ಅಡ್ಡಿಯೂ ಇಲ್ಲ. ಊರಿಗೆ ಮರಳಲು ಬೇರೆ ದಾರಿಯಿರಲಿಲ್ಲ ಎಂದೂ ವಿವರಿಸಬಹುದು. ಆದರೆ ಅದಕ್ಕೆ ಡಾಕ್ಟರೇಟ್ ಸಿಗುವುದಿಲ್ಲ. ಹೆಟ್ಟಿ ಆಮೇಲೆ ಗಂಡನ ಯಾವ ಯಾನಕ್ಕೂ ಜೊತೆಯಾಗಲಿಲ್ಲ. ಸ್ತ್ರೀವಾದಿ ಓದಿಗೆ ಇಲ್ಲಿ ವಿಪುಲ ಅವಕಾಶವಿದೆ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುವುದು ಶಿಷ್ಟಾಚಾರ.

3. ವರ್ಗೀಕರಣ

ಕುಟುಂಬನೌಕೆಗಳಲ್ಲಿ ಏಳು ಪ್ರಕಾರಗಳಿವೆ.

ಅ) ಶ್ರೀಮಂತ ಪ್ರಕಾರ: ದೋಣಿ ಮನೆಯವರದು, ನಡೆಸುವವರು ಸಂಬಳದವರು. ಲಂಗರು ಬಿದ್ದ ಸುದ್ದಿ ಯಜಮಾನರಿಗೆ ತಿಳಿಯುವುದು ಚಹಾದ ಜೊತೆಗೆ.

ಆ) ವೈರಾಗ್ಯ ಪ್ರಕಾರ: ಇದ್ದ ಮನೆ ಮಾರಿ ದೋಣಿ ಕೊಂಡವರು. ಮಕ್ಕಳ ಶಾಲೆ ದೋಣಿಯಲ್ಲೇ ನಡೆಯುತ್ತದೆ; ಗಣಿತದ ಪಾಠಕ್ಕೆ ಉಳಿದ ಕುಡಿಯುವ ನೀರಿನ ಲೀಟರುಗಳೇ ಉದಾಹರಣೆ.

ಇ) ಭಾನುವಾರದ ಪ್ರಕಾರ: ಎಲಿಫೆಂಟಾ ದ್ವೀಪದ ತನಕ ಹೋಗಿ, ಡಬ್ಬಿ ಬಿಚ್ಚಿ ತಿಂದು, ಸಂಜೆಗೆ ಮರಳುವವರು.

ಈ) ಈ ಪ್ರಕಾರಕ್ಕೆ ಹೆಸರಿಡಲಾಗಿದೆ, ಲಕ್ಷಣ ಇನ್ನೂ ಸಿಕ್ಕಿಲ್ಲ. ಉಳಿದ ಮೂರು, ಏಳೆಂಬ ಸಂಖ್ಯೆಯ ಗೌರವಕ್ಕೆ ಸೇರಿದವು.

4. ಲಂಗರೀಕರಣದ ಪ್ರಕ್ರಿಯಾತ್ಮಕ ವಿನ್ಯಾಸ

ಲಂಗರು ತನ್ನ ತೂಕದಿಂದ ದೋಣಿಯನ್ನು ಹಿಡಿಯುವುದಿಲ್ಲ. ನೆಲಕ್ಕೆ ಅಡ್ಡಲಾಗಿ ಎಳೆಸಿಕೊಂಡು, ಕೆಸರಿನಲ್ಲಿ ಹೂತುಕೊಂಡು ಹಿಡಿಯುತ್ತದೆ. ನೇಗಿಲಿನ ಗುಳದ ಆಕಾರದ ಲಂಗರನ್ನು 1933ರಲ್ಲಿ ರೂಪಿಸಿದ ಜಿ. ಐ. ಟೇಲರ್ ದ್ರವಚಲನೆಯ ಮಹಾ ವಿಜ್ಞಾನಿ, ಸ್ವತಃ ದೋಣಿ ನಡೆಸುತ್ತಿದ್ದವನು. ಅಧ್ಯಯನಯೋಗ್ಯ ವಸ್ತುವನ್ನು ಬಳಸಿಯೂ ನೋಡಿದ ವಿದ್ವಾಂಸರ ವಿರಳ ಪಂಗಡಕ್ಕೆ ಈತ ಸೇರುತ್ತಾನೆ.

ಎಳೆತ ಅಡ್ಡಲಾಗಿರಬೇಕಾದರೆ ಸರಪಳಿ ಉದ್ದವಿರಬೇಕು: ಆಳದ ಐದು ಪಟ್ಟಾದರೂ ಬೇಕು, ಗಾಳಿ ಜೋರಿದ್ದರೆ ಏಳು ಪಟ್ಟು. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಇಳಿತದಲ್ಲಿ ಐದು ಮೀಟರ್ ಆಳವೆಂದು 25 ಮೀಟರ್ ಸರಪಳಿ ಬಿಟ್ಟು ಮಲಗಿದ ಯಜಮಾನನಿಗೆ ಉಬ್ಬರದ ಹೊತ್ತಿಗೆ ಉಳಿಯುವುದು ಮೂರು ಪಟ್ಟಿಗೂ ಕಡಿಮೆ. ಆಗ ಲಂಗರು ಕಿತ್ತುಕೊಂಡು ದೋಣಿ ಪಕ್ಕದವರ ಮೇಲೆ ಹೋಗುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ‘ಅಂತರ್‌ನೌಕಾ ಸಂವಾದ’ ಎನ್ನುತ್ತಾರೆ. ಸುಮಾರು ಆರು ಗಂಟೆಗೊಮ್ಮೆ ಹರಿವು ದಿಕ್ಕು ಬದಲಿಸಿದಾಗ ದೋಣಿಯೂ ತಿರುಗುತ್ತದೆ. ಆ ಸುತ್ತಳತೆಯೊಳಗೆ ಬೇರೆ ದೋಣಿ, ಬೋಯಾ, ಬಲೆ ಇರಕೂಡದು. ಹಗಲಲ್ಲಿ ಮುಂಭಾಗದಲ್ಲಿ ಒಂದು ಕಪ್ಪು ಚೆಂಡು, ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಒಂದು ಬಿಳಿ ದೀಪ ಇರಬೇಕೆಂದು 1972ರ ಅಂತಾರಾಷ್ಟ್ರೀಯ ನಿಯಮ ಹೇಳುತ್ತದೆ.

ಗಂಡ ಹಿಂದೆ ಚುಕ್ಕಾಣಿಯಲ್ಲಿ, ಹೆಂಡತಿ ಮುಂದೆ ಸರಪಳಿಯಲ್ಲಿ. ನಡುವೆ ಇಂಜಿನಿನ ಸದ್ದು. ಆತ ಕೂಗಿದ್ದು ಆಕೆಗೆ ಕೇಳಿಸುವುದಿಲ್ಲ. ಆಕೆ ಅಂದದ್ದು ದಡದವರಿಗೂ ಕೇಳಿಸುತ್ತದೆ. ಸಂವಹನ ಶಾಸ್ತ್ರ ಇದನ್ನು ಇನ್ನೂ ಮುಟ್ಟಿಲ್ಲ.

5. ನಗರದ ಪ್ರತಿಸ್ಪಂದನೆ

ನಗರದ ಎದುರು ಹಡಗು ನಿಲ್ಲಿಸಿದ ದಂಪತಿಗಳಿಗಾಗಿ ಕಮಾನು ಕಟ್ಟಿದ್ದಕ್ಕೆ ಇಲ್ಲಿ ಒಂದೇ ನಿದರ್ಶನವಿದೆ: ಐದನೇ ಜಾರ್ಜ್ ದೊರೆ ಮತ್ತು ರಾಣಿ ಮೇರಿ. 1911ರಲ್ಲಿ ಬಂದಿಳಿದ ಅವರಿಗೆ ಕಂಡದ್ದು ರಟ್ಟಿನ ಮಾದರಿ. ಕಲ್ಲಿನ ಗೇಟ್‌ವೇ ಮುಗಿದದ್ದು 1924ರಲ್ಲಿ. ಸ್ವಾಗತಕ್ಕೆ ಕಟ್ಟಿದ ಆ ಕಮಾನಿನಡಿಯಿಂದಲೇ 1948ರಲ್ಲಿ ಕೊನೆಯ ಬ್ರಿಟಿಷ್ ಪಡೆ ಹೊರಟುಹೋಯಿತು.

ಹೊರದೇಶದಿಂದ ಬರುವ, ದೊರೆಯಲ್ಲದವರು ಹಳದಿ ಬಾವುಟ ಏರಿಸಿ ತಪಾಸಣೆಗೆ ಕಾಯಬೇಕು. ವಿದೇಶಿ ದೋಣಿಯಾದರೆ ಕಸ್ಟಮ್ಸ್, ವಲಸೆ, ಬಂದರು, ಆರೋಗ್ಯ ಎಂದು ಸದರಿ ಪ್ರತಿಗಳು, ಮೇಲ್ಕಂಡ ಪ್ರತಿಗಳು, ಅವುಗಳ ದೃಢೀಕೃತ ಪ್ರತಿಗಳು ಬೇಕು; ಮುಂದಿನ ಬಂದರಿನಲ್ಲಿ ಮತ್ತೆ ಮೊದಲಿನಿಂದ. ಕಾಗದದ ತೂಕ ಲಂಗರಿನ ತೂಕವನ್ನು ಮೀರಿದಾಗ ದೋಣಿ ಅಧಿಕೃತವಾಗಿ ನಿಂತಂತೆ.

6. ಭದ್ರತಾತ್ಮಕ, ಪರಿಸರಾತ್ಮಕ ಇತ್ಯಾದಿ ಆಯಾಮಗಳು

ಹತ್ತು ಮಂದಿ ಉಗ್ರರು ಗುಜರಾತಿನ ಮೀನುದೋಣಿಯನ್ನು ಅಪಹರಿಸಿ, ಅದರ ಕೆಲಸಗಾರರನ್ನು ಕೊಂದು, 2008ರ ನವೆಂಬರ್ 26ರಂದು ರಬ್ಬರ್ ದೋಣಿಯಲ್ಲಿ ಈ ನಗರದ ಮೀನುಗಾರರ ಕೇರಿಯಲ್ಲಿ ಇಳಿದರು. ಯಾರು ನೀವು ಎಂದು ಕೇಳಿದವರು ಆ ಕೇರಿಯವರೇ. ಆಮೇಲೆ ಬೆರಳಚ್ಚಿನ ಗುರುತುಚೀಟಿ ಬಂದದ್ದು ಯಾರಿಗೆ, ಗೊತ್ತುಪಡಿಸಿದ ಬಣ್ಣ ಬಳಿಯಬೇಕಾದ್ದು ಯಾರ ದೋಣಿಗೆ? ಮೀನುಗಾರರಿಗೆ, ಅವರ ದೋಣಿಗೆ. ಕರಾವಳಿ ರಸ್ತೆಯ ಸೇತುವೆಗೆ ವರ್ಲಿ ಕೋಳಿವಾಡದ ಎದುರು 60 ಮೀಟರ್ ಅಂತರದಲ್ಲಿ ಕಂಬ ನೆಡಲು ಹೊರಟಾಗ, ನಮ್ಮ ದೋಣಿಗಳು ಹೊರಹೋಗುವುದು ಹೇಗೆ ಎಂದು ಅಲ್ಲಿನ ಕೋಳಿ ಸಮುದಾಯದ ಮೀನುಗಾರರು ಕೆಲಸಕ್ಕೆ ಅಡ್ಡ ನಿಂತು ಜಗಳವಾಡಿಯೇ 120 ಮೀಟರ್ ಮಾಡಿಸಿಕೊಳ್ಳಬೇಕಾಯಿತು. ತಲೆಮಾರುಗಳಿಂದ ಅದೇ ನೀರಿನ ಮೇಲೆ ಅನ್ನ ಹುಡುಕಿದ ಕುಟುಂಬಗಳು ಇವು. ಮೂರನೇ ಅಧ್ಯಾಯದ ಏಳು ಪ್ರಕಾರಗಳಲ್ಲಿ ಇವಕ್ಕೆ ಜಾಗವಿಲ್ಲ. ಕಡಲ ಸಂಸ್ಕೃತಿಯ ವಿಚಾರ ಸಂಕಿರಣಗಳಲ್ಲೂ ಮೀನುಗಾರರನ್ನು ಕರೆಯುವುದು ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮದ ಹೊತ್ತಿಗೆ. ಅಷ್ಟರಲ್ಲಿ ಪ್ರಬಂಧಕಾರರು ಪ್ರಯಾಣಭತ್ಯೆಯ ಸಾಲಿನಲ್ಲಿರುತ್ತಾರೆ.

ದೋಣಿಯಲ್ಲಿ ಬಂದವರ ಕಾಗದಗಳನ್ನು ಇಷ್ಟೊಂದು ಪರಿಶೀಲಿಸುವ ನಗರ, ತಾನು ಕಡಲಿಗೆ ಬಿಡುವ ಕೊಳಚೆಗೆ ಯಾವ ಕಾಗದವನ್ನೂ ಕೇಳಿಕೊಳ್ಳುವುದಿಲ್ಲ. ಮಳೆಗಾಲದ ದೊಡ್ಡ ಉಬ್ಬರ ನಗರದ ಕಸವನ್ನು ಮರೀನ್ ಡ್ರೈವಿನ ಮೇಲೆ ವಾಪಸು ಎಸೆಯುತ್ತದೆ. ಇದಕ್ಕೂ ಒಂದು ಪಾರಿಭಾಷಿಕ ಪದವನ್ನು ಟಂಕಿಸಬಹುದಿತ್ತು. ಬೇಡ.

2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ಪ್ರಯಾಣಿಕರ ದೋಣಿಗೆ, ಇಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿ ಡಿಕ್ಕಿ ಹೊಡೆಯಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಗುವೂ ಇತ್ತು. ಆ ಪ್ರಯಾಣಿಕರೂ ಮನೆಮಂದಿಯೊಂದಿಗೆ ನಗರದೆದುರಿನ ನೀರಿಗೆ ಇಳಿದಿದ್ದವರೇ, ಟಿಕೆಟ್ ಕೊಂಡು. ಗೇಟ್‌ವೇಯ ದೋಣಿಗಳಲ್ಲಿ ಲೈಫ್ ಜಾಕೆಟ್ ತೊಟ್ಟೇ ಕೂರಬೇಕೆಂದು ಕಟ್ಟುನಿಟ್ಟು ಮಾಡಿದ್ದು ಇದಾದ ಮೇಲೆ. ಅದಕ್ಕೂ ಮೊದಲು ಆ ಧಕ್ಕೆಯಲ್ಲಿ ಭದ್ರತೆಯ ಪರಿಶೀಲನೆಯಿತ್ತು, ಚೀಲದ ತಪಾಸಣೆಯಿತ್ತು, ಸೂಚನಾ ಫಲಕಗಳಿದ್ದವು.

7. ಫಲಿತಗಳು

ಒಂದು: ಸರಪಳಿಯ ಉದ್ದವನ್ನು ಇಳಿತದ ಆಳಕ್ಕಲ್ಲ, ಉಬ್ಬರದ ಆಳಕ್ಕೆ ಲೆಕ್ಕ ಹಾಕಬೇಕು.

ಎರಡು: ನೈಋತ್ಯ ಮಳೆಗಾಲಕ್ಕೆ ಮುಂಚೆ ದೋಣಿ ದಡ ಹತ್ತಬೇಕು. ಪಶ್ಚಿಮ ಕರಾವಳಿಯ ಯಾಂತ್ರಿಕ ಮೀನುದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ.

ಮೂರು: ದೋಣಿಯಲ್ಲಿ ಎಷ್ಟು ತಲೆಗಳೋ ಅಷ್ಟು ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳ ಅಳತೆಯದು.

ಮೊದಲೆರಡರ ಬಗ್ಗೆ ಮುಂದಿನ ಸಂಶೋಧನೆಗೆ ವಿಪುಲ ಅವಕಾಶವಿದೆ. ಮೂರನೆಯದಕ್ಕೆ ಸಂಶೋಧನೆ ಬೇಕಿಲ್ಲ. ಅದು ಅಂಗಡಿಯಲ್ಲಿ ಸಿಗುತ್ತದೆ.