ಸತ್ತ ಇಂಟರ್‌ಕಾಮಿನ ಪ್ರಮಾಣ ವಿಚಾರ

‘ಇಂಟರ್‌ಕಾಮ್ ಡೆಡ್ ಆಗಿದೆ’ ಎಂಬ ಮಾತಿಗೆ ಪ್ರಮಾಣವೇನು? ಭಾರತೀಯ ದರ್ಶನಗಳು ಈ ಪ್ರಶ್ನೆಯನ್ನು ಎತ್ತಿಕೊಳ್ಳಲೇ ಇಲ್ಲ. ತಾರ್ಕಿಕರ ಬಳಿ ಗಡಿಗೆಯಿತ್ತು, ಬಟ್ಟೆಯಿತ್ತು, ಬೆಟ್ಟದ ಮೇಲೆ ಹೊಗೆಯಿತ್ತು, ಕಚೇರಿಯೊಳಗಿನ ಫೋನುಗಳನ್ನು ಕೂಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆ ಇರಲಿಲ್ಲ. ಈ ಕೊರತೆಯನ್ನು ತುಂಬುವ ಹೊಣೆ ಕೊನೆಗೆ ಬಿದ್ದದ್ದು ಎಎಂಸಿ (ವಾರ್ಷಿಕ ನಿರ್ವಹಣೆಯ ಗುತ್ತಿಗೆ) ಹಿಡಿದ ಕಂಪನಿಗಳ ಸರ್ವಿಸ್ ಎಂಜಿನಿಯರುಗಳ ತಲೆಯ ಮೇಲೆ. ಬೆಂಗಳೂರಿನ ಯಾವುದೋ ಮಹಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ತುಮಕೂರಿನ ಯಾವುದೋ ಕಚೇರಿಯ ಗೋಡೆಗೆ ಬಡಿದ ಪೆಟ್ಟಿಗೆಯಲ್ಲಿ ಹದಿನೇಳನೇ ಪೋರ್ಟು ಬದುಕಿದೆಯೋ ಸತ್ತಿದೆಯೋ ಹೇಳುವ ವಿದ್ಯೆ ಅವರದು. ಈ ಪ್ರಬಂಧ ಆ ವಿದ್ಯೆಯ ಲಕ್ಷಣಗ್ರಂಥಕ್ಕೆ ಬರೆದ ಪೀಠಿಕೆ. ಗ್ರಂಥವನ್ನು ಇನ್ನೂ ಯಾರೂ ಬರೆದಿಲ್ಲ.

ಮೊದಲು ಪೂರ್ವಪಕ್ಷ. ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಈ ಪಂಥದ ಎಂಜಿನಿಯರುಗಳು ಇಂದಿಗೂ ಇದ್ದಾರೆ. ‘ಸೈಟಿಗೆ ಬಂದು ನೋಡ್ದೆ ಏನೂ ಹೇಳಕ್ಕಾಗಲ್ಲ ಸಾರ್’ ಎಂಬುದು ಅವರ ಸಿದ್ಧಾಂತ. ತರ್ಕದಿಂದ ಇದನ್ನು ಖಂಡಿಸುವುದು ಕಷ್ಟ. ಬಸ್ ಚಾರ್ಜಿನ ವೋಚರು ಕೈಗೆ ಬಂದ ಮೇಲೆ ಅಕೌಂಟ್ಸ್ ವಿಭಾಗದವರು ಸಲೀಸಾಗಿ ಖಂಡಿಸುತ್ತಾರೆ. ನೈಯಾಯಿಕರ ನಾಲ್ಕು ಪ್ರಮಾಣಗಳೂ ಇಲ್ಲಿ ಸಾಲವು. ಭಾಟ್ಟ ಮೀಮಾಂಸಕರು ಒಪ್ಪಿದ ಆರು ಬೇಕು. ಅದರಲ್ಲೂ ಪ್ರತ್ಯಕ್ಷವನ್ನು ಕಳೆದು, ಉಳಿದ ಐದರಲ್ಲೇ ಸಂಸಾರ ಸಾಗಿಸಬೇಕು.

ಅದಕ್ಕೂ ಮೊದಲು ವಸ್ತುವಿನ ಪರಿಚಯ. ಪೋರ್ಟೆಂದರೆ ಎರಡು ತಂತಿ. ರಿಸೀವರು ಕೆಳಗಿದ್ದಾಗ ಅವುಗಳ ನಡುವೆ ಸುಮಾರು 48 ವೋಲ್ಟ್ ಇರುತ್ತದೆ (ಸಣ್ಣ ಪೆಟ್ಟಿಗೆಗಳಲ್ಲಿ ಅದರ ಅರ್ಧವೂ ಇರಬಹುದು), ಕರೆಂಟು ಹರಿಯುವುದಿಲ್ಲ. ರಿಸೀವರ್ ಎತ್ತಿದರೆ ಸರ್ಕ್ಯೂಟ್ ಕೂಡಿಕೊಂಡು 20-30 ಮಿಲಿಆಂಪಿಯರ್ ಹರಿಯುತ್ತದೆ. ಅದನ್ನು ಕಂಡು ಪೆಟ್ಟಿಗೆಯೊಳಗಿನ ಲೈನ್ ಕಾರ್ಡು ಡಯಲ್ ಟೋನ್ ಕೊಡುತ್ತದೆ. ಕರೆ ಬಂದಾಗ ಅದೇ ತಂತಿಯ ಮೇಲೆ 75 ವೋಲ್ಟಿನ ಆಸುಪಾಸಿನ ಎಸಿ, ನಮ್ಮಲ್ಲಿ 25 ಹರ್ಟ್ಸ್‌ನದು, ಹೋಗಿ ಗಂಟೆ ಬಾರಿಸುತ್ತದೆ. ಜಂಪರ್ ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲಿ ಸುಲಿಯುವ ಅಭ್ಯಾಸದವರಿಗೆ, ಸರಿಯಾಗಿ ಆ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ಆಗುವುದು ಶುದ್ಧ ಪ್ರತ್ಯಕ್ಷ.

ಗುರುಪರಂಪರೆಯನ್ನು ಹೇಳದೆ ಶಾಸ್ತ್ರ ಮುಂದುವರಿಯದು. ಆಟೋಮ್ಯಾಟಿಕ್ ಎಕ್ಸ್‌ಚೇಂಜಿಗೆ 1891ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಆಲ್ಮನ್ ಸ್ಟ್ರೌಜರ್ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾಳೆಂಬ ಗುಮಾನಿಯೇ ಅವನನ್ನು ಈ ಕೆಲಸಕ್ಕೆ ಹಚ್ಚಿತು ಎಂಬ ಕಥೆಯಿದೆ. ಹೆಣದ ವ್ಯಾಪಾರಿ ಹುಟ್ಟಿಸಿದ ಯಂತ್ರಕ್ಕೆ ‘ಡೆಡ್’ ಎಂಬುದೇ ಪಾರಿಭಾಷಿಕ ಪದವಾದದ್ದು ನ್ಯಾಯವೇ. ಕರ್ನಾಟಕದಲ್ಲಿ ಈ ಶಾಸ್ತ್ರದ ಕ್ಷೇತ್ರ ಕಿತ್ತೂರು. 1984ರಲ್ಲಿ ಶುರುವಾದ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ 128 ಪೋರ್ಟಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಚಾಲೂ ಮಾಡಿದ್ದು ಅಲ್ಲಿ. ಏರ್ ಕಂಡಿಷನರ್ ಕೇಳದ, ನಮ್ಮ ಬಿಸಿಲಿಗೂ ಧೂಳಿಗೂ ಒಗ್ಗಿದ ಯಂತ್ರ ಅದು. ಕಿತ್ತೂರೆಂದರೆ ಲೋಕಕ್ಕೆ ಚೆನ್ನಮ್ಮ. ಈ ಶಾಸ್ತ್ರದವರಿಗೆ ಜೊತೆಗೊಂದು ಲೈನ್ ಕಾರ್ಡು.

ಇನ್ನು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಆಪ್ತರೆಂದರೆ ಇಲ್ಲಿ ಆಚೆ ಕಡೆ ಫೋನೆತ್ತಿದವರು.

‘ಇನ್ನೂರಾ ಹದಿನೇಳು ಡೆಡ್ ಆಗಿದೆ ಸಾರ್.’

‘ಡಯಲ್ ಟೋನ್ ಇಲ್ವಾ ಮೇಡಂ?’

‘ಟೋನೇನೋ ಬರ್ತಿದೆ.’

‘ಮತ್ತೆ?’

‘ಬೆಳಿಗ್ಗೆಯಿಂದ ಒಂದು ಕಾಲೂ ಬಂದಿಲ್ಲ. ಡೆಡ್ಡೇ ಅಲ್ವಾ ಅದು?’

ಆಲಂಕಾರಿಕರು ಹೇಳಿದ ಮೂರು ಶಬ್ದಶಕ್ತಿಗಳು ಈ ಒಂದೇ ಪದದಲ್ಲಿ ಮನೆಮಾಡಿವೆ. ಅಭಿಧೆಯಲ್ಲಿ ‘ಡೆಡ್’ ಎಂದರೆ ಟೋನ್ ಇಲ್ಲ. ಲಕ್ಷಣೆಯಲ್ಲಿ ಅದು ಏನು ಬೇಕಾದರೂ ಆಗಬಹುದು: ಗುಂಯ್ ಎನ್ನುತ್ತದೆ (ಜೋಡಿಯಲ್ಲೊಂದು ತಂತಿ ಎಲ್ಲೋ ಅರ್ಥಿಂಗಿಗೆ ತಾಗಿರಬಹುದು), ನಂಬರ್ ಒತ್ತಿದರೂ ಟೋನ್ ಕಡಿಯುವುದಿಲ್ಲ (ಫೋನಿನ ಅಡಿಯ ಸ್ವಿಚ್ಚು ಪಲ್ಸ್‌ಗೆ ಸರಿದಿರಬಹುದು), ನಮ್ಮ ಮಾತು ಅವರಿಗೆ ಕೇಳುವುದಿಲ್ಲ (ಸುರುಳಿ ವೈರನ್ನು ಒಮ್ಮೆ ಕಿತ್ತು ಚುಚ್ಚಿದರೆ ಅರ್ಧ ಪಾಲು ಗುಣವಾಗುತ್ತದೆ). ವ್ಯಂಜನೆಯಲ್ಲಿ ಅರ್ಥ ಒಂದೇ: ಮ್ಯಾನೇಜರು ಬೈದಿದ್ದಾರೆ. ಮೂರರಲ್ಲಿ ಯಾವುದೆಂದು ಎಂಜಿನಿಯರು ನಿರ್ಣಯಿಸುವಷ್ಟರಲ್ಲಿ ಆಪ್ತರು ‘ಒಂದ್ನಿಮಿಷ ಸಾರ್’ ಎಂದು ಹೋಗಿಬಿಟ್ಟಿರುತ್ತಾರೆ.

ಅನುಪಲಬ್ಧಿಯ ಕಥೆ ಇನ್ನೂ ಕಷ್ಟದ್ದು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂಬುದು ಮೀಮಾಂಸಕರ ಧೈರ್ಯ. ಪೋರ್ಟಿನ ವಿಷಯದಲ್ಲಿ ಆ ಧೈರ್ಯ ಕೈಕೊಡುತ್ತದೆ. ಸ್ಕ್ರೀನಿನಲ್ಲಿ ‘ಐಡಲ್’ ಎಂದು ಹಸಿರು ಬಣ್ಣದಲ್ಲಿ ಬರೆದಿದೆ. ಆದರೆ ಸುಮ್ಮನೆ ಕೂತ ಫೋನು ಕರೆಂಟು ಎಳೆಯುವುದಿಲ್ಲ. ಇಲಿ ಕಡಿದ ತಂತಿಯೂ ಎಳೆಯುವುದಿಲ್ಲ. ಪೆಟ್ಟಿಗೆಯ ಕಣ್ಣಿಗೆ ನಿದ್ದೆಯೂ ಸಾವೂ ಒಂದೇ. ಸರಿ, ಡಯಲ್ ಮಾಡಿ ನೋಡೋಣವೆಂದು ಎಂಜಿನಿಯರು ನಂಬರ್ ಒತ್ತಿ ‘ರಿಂಗಾಗ್ತಿದೆಯಲ್ಲ!’ ಎಂದರೆ ಅದು ಹಗ್ಗದಲ್ಲಿ ಹಾವು ಕಂಡ ಹಾಗೆ. ಕರೆದವರ ಕಿವಿಗೆ ಬೀಳುವ ಟ್ರಿಂಗ್ ಟ್ರಿಂಗ್ ಆಚೆಯ ಫೋನಿನದಲ್ಲ, ಎಕ್ಸ್‌ಚೇಂಜು ತಾನೇ ತಯಾರಿಸಿ ಕೊಡುವ ಸದ್ದು. ಮೇಜಿನ ಮೇಲೆ ಫೋನೇ ಇಲ್ಲದಿದ್ದರೂ ಕೇಳುತ್ತದೆ. ಗಂಟೆಯ ದಾರಿಯಲ್ಲಿ ಕೂತ ಕೆಪಾಸಿಟರ್ ಡಿಸಿಯನ್ನು ತಡೆದು ಎಸಿಯನ್ನು ಬಿಡುತ್ತದೆಯಾದ್ದರಿಂದ, ಕೆಲವು ದೊಡ್ಡ ವ್ಯವಸ್ಥೆಗಳು ಚೂರು ರಿಂಗ್ ಕೊಟ್ಟು, ಎಸಿ ಹರಿಯಿತೇ ಎಂದು ನೋಡಿ, ಆ ತುದಿಯಲ್ಲಿ ಫೋನಿದೆಯೇ ಎಂದು ತಿಳಿದುಕೊಳ್ಳುತ್ತವೆ. ಗೋಡೆಗೆ ಬಡಿದ ಪೆಟ್ಟಿಗೆಯಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ಶಾಸ್ತ್ರದ ಮುಕುಟಮಣಿ ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ. ಪೋರ್ಟು ಯಾರ ಜೊತೆಗೂ ಮಾತಾಡುತ್ತಿಲ್ಲ, ಆದರೂ ಕರೆಂಟು ಉಣ್ಣುತ್ತಿದೆ. ಹೀಗಾದಾಗ ಪೆಟ್ಟಿಗೆ ಸ್ವಲ್ಪ ಹೊತ್ತು ಡಯಲ್ ಟೋನ್ ಕೊಟ್ಟು, ಆಮೇಲೆ ಎಂಗೇಜ್ ಸದ್ದು ಕೊಟ್ಟು, ಕೊನೆಗೆ ಬೇಸತ್ತು ಆ ಪೋರ್ಟನ್ನು ‘ಲಾಕ್ ಔಟ್’ ಎಂದು ಪಕ್ಕಕ್ಕಿಡುತ್ತದೆ. ರಿಸೀವರು ಓರೆಯಾಗಿ ಕೂತಿರಬೇಕು, ಇಲ್ಲವೇ ಎರಡು ತಂತಿ ಎಲ್ಲೋ ಕೂಡಿರಬೇಕು. ಯಾವುದೆಂದು ತಿಳಿಯಲು ಲಾಗ್‌ನಲ್ಲಿ ಹೊತ್ತು ನೋಡಿದರಾಯಿತು. ದಿನಾ ಬೆಳಿಗ್ಗೆ ಎಂಟಕ್ಕೆ ಹಿಡಿದು ಹತ್ತಕ್ಕೆ ಬಿಟ್ಟರೆ, ಮೇಜು ಒರೆಸುವವರು ಶ್ರದ್ಧೆಯಿಂದ ಒರೆಸಿದ್ದಾರೆ. ಹತ್ತಕ್ಕೆ ಬಂದ ಗುಮಾಸ್ತರು ರಿಸೀವರನ್ನು ಸರಿಯಾಗಿ ಇಟ್ಟಿದ್ದಾರೆ. ಮಳೆ ಬಂದ ರಾತ್ರಿ ಹಿಡಿದು, ಬಿಸಿಲೇರಿದ ಮೇಲೆ ಬಿಟ್ಟರೆ ಕಿಟಕಿ ಪಕ್ಕದ ರೋಸೆಟ್ ಡಬ್ಬಿಗೆ ನೀರಿಳಿದಿದೆ. ಎಪ್ಪತ್ತು ಕಿಲೋಮೀಟರ್ ದೂರದಿಂದ ‘ನಿಮ್ಮ ಕಿಟಕಿ ಸೋರ್ತಿದೆ’ ಎಂದು ಹೇಳಬಲ್ಲ ದರ್ಶನ ಬೇರೊಂದಿಲ್ಲ.

ಉಪಮಾನಕ್ಕೆ ಒಂದು ಸಾಲು ಸಾಕು: ಒಂದೇ ಕಾರ್ಡಿನ ಎಂಟು ಪೋರ್ಟೂ ಒಟ್ಟಿಗೆ ಹೋಗಿದ್ದರೆ ಕಾರ್ಡನ್ನು ಅನುಮಾನಿಸಿ, ಒಂದೇ ಹೋಗಿದ್ದರೆ ಪಕ್ಕದ ಪೋರ್ಟಿನ ಜೊತೆ ಹೋಲಿಸಿ.

ಹೋಲಿಸುವ ಕ್ರಮವೇ ಅನ್ವಯ-ವ್ಯತಿರೇಕ. ಫೋನನ್ನು ಪಕ್ಕದ ಮೇಜಿಗೆ ಚುಚ್ಚಿದಾಗ ದೋಷ ಜೊತೆಗೇ ಹೋದರೆ ಫೋನ್ ಕೆಟ್ಟಿದೆ, ಹಳೇ ಜಾಗದಲ್ಲೇ ಉಳಿದರೆ ಲೈನೋ ಪೋರ್ಟೋ. ದೂರದಿಂದ ಇದನ್ನು ಮಾಡಿಸುವಾಗ ಒಂದು ಹೇತ್ವಾಭಾಸ ತಪ್ಪದೆ ಎದುರಾಗುತ್ತದೆ. ‘ಫೋನ್ ಮಾತ್ರ ಬದಲಾಯಿಸಿ’ ಎಂದರೆ ಆಪ್ತರು ಉತ್ಸಾಹದಿಂದ ಫೋನು, ವೈರು, ಕೊನೆಗೆ ಕುರ್ಚಿಯನ್ನೂ ಬದಲಾಯಿಸಿ ‘ಈಗ ಸರಿಹೋಯ್ತು ಸಾರ್’ ಎನ್ನುತ್ತಾರೆ. ಇದಕ್ಕೆ ಸವ್ಯಭಿಚಾರವೆಂದು ಹೆಸರು. ದೂರು ಕ್ಲೋಸ್ ಆಗುತ್ತದೆ, ಜ್ಞಾನ ಹುಟ್ಟುವುದಿಲ್ಲ.

ಐಪಿ ಫೋನಿನ ನವ್ಯರಿಗೆ ಇಷ್ಟೆಲ್ಲ ಬೇಕಿಲ್ಲ. ಅವರ ಫೋನು ಆಗಾಗ ತಾನೇ ಸರ್ವರ್‌ಗೆ ಹಾಜರಿ ಹಾಕುತ್ತದೆ. ಮೊಂಡಾದರೆ ನೆಟ್‌ವರ್ಕ್ ಸ್ವಿಚ್ಚಿನಿಂದ ಹೋಗುವ ಕರೆಂಟನ್ನು ಕೂತಲ್ಲಿಂದಲೇ ಕಡಿದು ಕೊಟ್ಟರೆ ಹೊಸದಾಗಿ ಹುಟ್ಟಿ ಬರುತ್ತದೆ. ಪುನರ್ಜನ್ಮದ ವಾದ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಉಳಿದದ್ದು ಅನುಮಾನ, ಮತ್ತು 217. ಹೊಗೆಯಿದ್ದಲ್ಲಿ ಬೆಂಕಿ. ಎಂಜಿನಿಯರು ಕೇಳಿದ, ‘ಮೇಡಂ, ಟೋನು ಒಂದೇ ಸಮ ಬರುತ್ತಾ, ಕಡ್ಕಡ್ದು ಬರುತ್ತಾ?’

‘ಕಡ್ಕಡ್ದೇ ಬರ್ತಿದೆ ಸಾರ್, ಶುಕ್ರವಾರದಿಂದ.’

ಕಡಿದು ಬರುವ ಡಯಲ್ ಟೋನು ಹೊಗೆ. ಕಾಲ್ ಫಾರ್ವರ್ಡ್ ಬೆಂಕಿ. ಸ್ಕ್ರೀನಿನಲ್ಲಿ ನೋಡಿದರೆ ರಜೆಯ ಮೇಲೆ ಹೋದವರು ಯಾರೋ 217ಕ್ಕೆ ಬರುವುದನ್ನೆಲ್ಲ 231ಕ್ಕೆ ತಿರುಗಿಸಿ ಹೋಗಿದ್ದಾರೆ.

‘231 ಎಲ್ಲಿದೆ ಮೇಡಂ?’

‘ಅದು ಸ್ಟೋರ್ ರೂಮಿಂದು ಸಾರ್. ಬೀಗ ಹಾಕಿದೆ. ಬೆಳಿಗ್ಗೆಯಿಂದ ಸುಮ್‌ಸುಮ್ನೆ ಹೊಡ್ಕೊಳ್ತಾನೇ ಇದೆ, ಅದರದ್ದೂ ಒಂದು ಕಂಪ್ಲೇಂಟ್ ಬರ್ಕೊಳ್ಳಿ.’