ಒಂದು ಸಾರಿ, ಎರಡು ಸಾರಿ, ಸೆರೆವಾಸ!

ಹಿಂಡಲಗಾದವನು ಎಂದು ಪರಿಚಯ ಹೇಳಿಕೊಂಡರೆ ಎದುರಿನವರು ಅರೆಗಳಿಗೆ ಸುಮ್ಮನಾಗುತ್ತಾರೆ. ಸ್ವಲ್ಪ ಸಲಿಗೆಯವರಾದರೆ ‘ಯಾವಾಗ ಬಿಟ್ರು?’ ಎಂದೇ ಕೇಳಿಬಿಡುತ್ತಾರೆ. 1923ರಲ್ಲಿ ಬ್ರಿಟಿಷರು ಇಲ್ಲಿ ಜೈಲು ಕಟ್ಟಿದರು, ಊರಿನ ಮರ್ಯಾದೆ ಅಂದೇ ಒಳಗೆ ಹೋಯಿತು. ರಾಜ್ಯದಲ್ಲಿ ನೇಣುಗಂಬ ಇರುವ ಜೈಲು ಇದೊಂದೇ. ಆ ಕಂಬಕ್ಕೆ ಕೊನೆಯ ಕೆಲಸ ಸಿಕ್ಕಿದ್ದು 1983ರಲ್ಲಿ. ಇಂಥ ಇತಿಹಾಸವುಳ್ಳ ನಮಗೆ, ಬೆಂಗಳೂರಿನ ಮಂದಿ ಸರತಿಯಲ್ಲಿ ನಿಂತು, ದುಡ್ಡು ಕೊಟ್ಟು, ನಗುನಗುತ್ತ ಜೈಲಿಗೆ ಹೋಗುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಹೊಟ್ಟೆ ಉರಿಯದೆ ಇದ್ದೀತೆ?

ಎಚ್‌ಎಸ್‌ಆರ್ ಲೇಔಟಿನಲ್ಲಿ ಜೈಲಿನ ವೇಷದ ಹೋಟೆಲು. ಕಂಬಿಯ ಹಿಂದೆ ಮೇಜು, ಪೊಲೀಸರಾಗಿಯೂ ಖೈದಿಗಳಾಗಿಯೂ ವೇಷ ತೊಟ್ಟ ವೇಟರುಗಳು. ಚೆನ್ನೈ, ಕೋಲ್ಕತ್ತದವರು ಇದನ್ನು ಮೊದಲೇ ಮಾಡಿದ್ದರಂತೆ. ನಮ್ಮವರೂ ಸುಮ್ಮನೆ ಕೂತಿರಲಿಲ್ಲ ಅನ್ನಿ. ಹಿಂಡಲಗಾ ಜೈಲಿನಲ್ಲಿ 500 ರೂಪಾಯಿಗೆ ಒಂದು ದಿನ ಖೈದಿಯಾಗಿ ಇರುವ ಪ್ರಸ್ತಾವವೊಂದು ಬೆಂಗಳೂರಿಗೆ ಹೋಗಿದೆ ಎಂದು 2021ರ ಆಗಸ್ಟಿನಲ್ಲಿ ಸುದ್ದಿಯಾಗಿತ್ತು. ಬೆಳಿಗ್ಗೆ ಐದಕ್ಕೆ ಕಾವಲುಗಾರ ಎಬ್ಬಿಸುತ್ತಾನೆ, ಸಮವಸ್ತ್ರ, ನಂಬರು, ಕಸ ಗುಡಿಸಿದ ಮೇಲೆಯೇ ಚಹಾ, ಹನ್ನೊಂದಕ್ಕೆ ಅನ್ನ ಸಾಂಬಾರು, ವಾರಾಂತ್ಯಕ್ಕೆ ಬಂದರೆ ಮಾಂಸದೂಟ. ನೂರು ವರ್ಷ ಹಳೆಯ ಕಟ್ಟಡ, ಅಸಲಿ ಬೀಗ, ಅಸಲಿ ಬೈಗುಳ. ಇದರ ಮುಂದೆ ಎಚ್‌ಎಸ್‌ಆರ್ ಯಾವ ಲೆಕ್ಕ?

ಆದರೆ ವೇಷದ ಹೋಟೆಲುಗಳಿಗೆ ಆಯುಷ್ಯ ಕಡಿಮೆ. ಚರ್ಚ್ ಸ್ಟ್ರೀಟಿನಲ್ಲಿ ಬಾಹ್ಯಾಕಾಶ ನೌಕೆಯಂತಿದ್ದ ನಾಸಾ ಪಬ್ಬು ಯಾವ ಗ್ರಹಕ್ಕೂ ಮುಟ್ಟದೆ ಮುಚ್ಚಿತು. ಅಮೆರಿಕದ ಕೊಲಂಬಸ್ ನಗರದಲ್ಲಿ 1961ರಿಂದ ದಕ್ಷಿಣ ಸಮುದ್ರದ ದ್ವೀಪದ ವೇಷ ಹಾಕಿಕೊಂಡಿದ್ದ ‘ಕಹಿಕಿ’ ಎಂಬ ಊಟದಮನೆ 2000ದಲ್ಲಿ ಮುಚ್ಚಿ, ಆ ಜಾಗದಲ್ಲಿ ಔಷಧಿ ಅಂಗಡಿ ಎದ್ದಿತು. ಜೈಲು ಹೋಟೆಲೂ ಒಂದು ದಿನ ಮುಚ್ಚಲೇಬೇಕು. ಮುಚ್ಚುವ ದಿನದ ಹರಾಜಿಗೆ ನಾನು ಮನಸ್ಸಿನಲ್ಲೇ ಹೋಗಿ ಬಂದಿದ್ದೇನೆ. ಆಮೇಲೆ ನೂಕುನುಗ್ಗಲು ಜಾಸ್ತಿ.

ನಮ್ಮ ಕಡೆ ಹರಾಜಿಗೆ ಲಿಲಾವು ಅಂತಾರೆ. ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಲಿಲಾವು ರೈತನನ್ನು ಅಳಿಸುತ್ತದೆ. ಗಣಪತಿಯ ಮುಂದಿನ ತೆಂಗಿನಕಾಯಿ ಲಿಲಾವು ಮಂಡಳದ ಖಜಾಂಚಿಯನ್ನು ಅಳಿಸುತ್ತದೆ, ಹತ್ತು ಸಾವಿರಕ್ಕೆ ಕೂಗಿದವನು ಮುಂದಿನ ಚೌತಿಯವರೆಗೆ ದುಡ್ಡು ಕೊಡುವುದಿಲ್ಲ. ಬೆಂಗಳೂರಿನ ಲಿಲಾವಿನಲ್ಲಿ ಮಾತ್ರ ಕೂಗುವವರೇ ಅಳುತ್ತಿದ್ದರು. ‘ನಮ್ಮ ಮೊದಲ ಭೇಟಿ ಮೂರನೇ ಸೆಲ್ಲಿನಲ್ಲಿ’ ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಕೊನೆಯ ಸಲ ಬಂದದ್ದು ಯಾವಾಗ ಎಂದು ಕೇಳಿದೆ. ಅದೇ ಮೊದಲ ಭೇಟಿಗೆ ಬಂದದ್ದಂತೆ. ನಿತ್ಯ ಗಿರಾಕಿಗಳು ಇಷ್ಟು ಅಳುವುದಿಲ್ಲ, ಅವರಿಗೆ ಸಾಂಬಾರಿನ ರುಚಿ ನೆನಪಿರುತ್ತದೆ.

ಬೇಡಿಗಳು ಡಜನ್ ಲೆಕ್ಕದಲ್ಲಿ ಹೋದವು, ಮದುವೆ ಫೋಟೊದವರು ಕೊಂಡರು. ಕೊರಳೊಡ್ಡಿ ಸೆಲ್ಫಿ ತೆಗೆದುಕೊಳ್ಳುವ ನೇಣಿನ ಹಗ್ಗಕ್ಕೆ ಪೈಪೋಟಿ ಎಷ್ಟಿತ್ತೆಂದರೆ, ನಮ್ಮೂರಿನ ಕಂಬಕ್ಕೆ ಕೇಳಿಸಿದ್ದರೆ ನಾಚಿಕೊಳ್ಳುತ್ತಿತ್ತು. ಜೈಲರ್ ಕುರ್ಚಿಗೆ ಯಾಕೋ ಯಾರೂ ಹೆಚ್ಚು ಕೂಗಲಿಲ್ಲ. ವಿಚಾರಿಸಿದರೆ, ಮಾರುಕಟ್ಟೆಯಲ್ಲಿ ಇದಕ್ಕಿಂತ ಒಳ್ಳೆಯ ಕುರ್ಚಿ ಬಂದಿದೆ ಎಂದರು. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರದ ಹುಲ್ಲುಹಾಸಿನ ಮೇಲೆ ಒಬ್ಬ ತಾರೆ ಕುರ್ಚಿ ಹಾಕಿ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಸಿಗರೇಟು ಹಿಡಿದು ಕೂತ ಫೋಟೊ ನೋಡಿದ ಮೇಲೆ ಗಿರಾಕಿಗಳ ಮಟ್ಟ ಏರಿಬಿಟ್ಟಿದೆಯಂತೆ. ಹೋಟೆಲು ಕಷ್ಟಪಟ್ಟು ಜೈಲಾಗುತ್ತಿರುವಾಗ ಜೈಲು ಸಲೀಸಾಗಿ ಹೋಟೆಲಾಗಿಬಿಟ್ಟರೆ ವ್ಯಾಪಾರ ನಡೆಯುವುದು ಹೇಗೆ? ತಾರೆಯನ್ನು ತಕ್ಷಣ ಬಳ್ಳಾರಿಗೆ ಸಾಗಿಸಲಾಯಿತು. ಆ ಕುರ್ಚಿ ಎಲ್ಲಿಗೆ ಹೋಯಿತೋ!

ಕೊನೆಗೆ ಬಂತು ಸೆಲ್ಲಿನ ಬಾಗಿಲು. ಪ್ಲೈವುಡ್ಡು, ಮೇಲೆ ಕಬ್ಬಿಣದ ಬಣ್ಣ. ಹತ್ತು ಸಾವಿರದಿಂದ ಶುರುವಾಗಿ, ಸರ್ಜಾಪುರದಲ್ಲಿ ಫಾರ್ಮ್‌ಹೌಸ್ ಕಟ್ಟಿಸುತ್ತಿರುವ ಒಬ್ಬರ ಕೈಗೆ 40,000ಕ್ಕೆ ಬಿತ್ತು. ಚಪ್ಪಾಳೆ. ಈ ಅಂಕಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಜಾಮೀನು ಸಿಕ್ಕಿಯೂ ದುಡ್ಡು ಕಟ್ಟಲಾಗದೆ ಒಳಗೇ ಉಳಿದ ಬಡ ವಿಚಾರಣಾಧೀನ ಕೈದಿಗೆ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ಮೊದಲು ಗೊತ್ತುಮಾಡಿದ್ದ ನೆರವಿನ ಮಿತಿಯೂ ಇಷ್ಟೇ ಇತ್ತು, 40,000. ದಂಡ ಕಟ್ಟಲಾಗದ ಶಿಕ್ಷಿತನಿಗೆ 25,000. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಮಂದಿ ಇದ್ದರು. ಅವರಲ್ಲಿ 4.34 ಲಕ್ಷ ಮಂದಿಯ ಮೇಲೆ ಇನ್ನೂ ತೀರ್ಪೇ ಬಂದಿರಲಿಲ್ಲ. ನೂರಕ್ಕೆ ಸುಮಾರು ಎಪ್ಪತ್ತಾರು ಜನ ಊಟದ ಬಿಲ್ಲು ಬರುವ ಮೊದಲೇ ಪಾತ್ರೆ ತೊಳೆಯುತ್ತ ಕೂತವರು. ಅವರ ಹೆಸರು ಕೂಗಿದಾಗ ಕೈ ಎತ್ತಲು ಆಸ್ತಿಪತ್ರ ಇರುವ ಒಬ್ಬ ನೆಂಟ ಬೇಕು, ಪ್ಲೈವುಡ್ ಬಾಗಿಲಿಗೆ ಅಂಥದ್ದೇನೂ ಬೇಕಾಗಲಿಲ್ಲ.

ಬಾಗಿಲು ಕೊಂಡವರು ನನ್ನ ಊರು ಕೇಳಿದರು. ಹೇಳಿದೆ. ಅವರ ಮುಖ ಅರಳಿತು. ಫಾರ್ಮ್‌ಹೌಸಿನ ಬಾರಿಗೆ ನಕಲಿಗಿಂತ ಒರಿಜಿನಲ್ ಒಂದಿದ್ದರೆ ಗತ್ತು, ನಿಮ್ಮ ಕಡೆಯಿಂದ ಸಿಕ್ಕೀತೇ, ರೇಟು ಎಷ್ಟಾದರೂ ಪರವಾಗಿಲ್ಲ ಎಂದರು.

‘ಸಿಗ್ತದ್ರೀ ಸಾಹೇಬ್ರ,’ ಅಂದೆ. ‘ಆದ್ರ ಹಿಂದ ಮಂದಿ ಅದಾರ. ಅವರನ್ನ ಬಿಡಿಸ್ಕೊಂಡ ಬಾಗಿಲಾ ಒಯ್ಯಬೇಕಾಗ್ತದ.’

ಅವರು ಜಿಎಸ್‌ಟಿ ವಿಚಾರಿಸುವ ನೆಪದಲ್ಲಿ ಕೌಂಟರಿನ ಕಡೆ ಹೋದರು.